ಬೈಲೀನಿಯರ್ ಇಂಟರ್ಪೊಲೇಶನ್: ನಡುವಿನ ಬೆಲೆಗೆ ಅರ್ಥವಿದ್ದರೆ ಮಾತ್ರ

ಪ್ರಶ್ನೆ: ಉಡುಪಿ ಕಡೆಯ ಸ್ವರ್ಣಾ ನದಿಯ ಜಲಾನಯನ ಪ್ರದೇಶದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಎಸ್‌ಆರ್‌ಟಿಎಂ (ಬಾಹ್ಯಾಕಾಶದಿಂದ ರೇಡಾರ್ ಅಳೆದ) ಎತ್ತರದ ಡೇಟಾ, ಒಂದು ಭೂಬಳಕೆ ನಕ್ಷೆ, ಭಾರತೀಯ ಹವಾಮಾನ ಇಲಾಖೆಯ ಮಳೆ ಗ್ರಿಡ್, ಈ ಮೂರನ್ನೂ ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್‌ನಲ್ಲಿ 10 ಮೀಟರ್ ಗ್ರಿಡ್‌ಗೆ ತಂದು ಒಂದರ ಮೇಲೊಂದು ಕೂರಿಸಿದ್ದೇನೆ. ಮೂರಕ್ಕೂ ಬೈಲೀನಿಯರ್ ಕೊಟ್ಟೆ. ಈಗ ಕಲ್ಯಾಣಪುರದ ಕಡೆಯ ಬೈಲುಗಳಲ್ಲಿ ಎತ್ತರ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. ಭೂಬಳಕೆ ನಕ್ಷೆಯಲ್ಲಿ ಕಟ್ಟಡಗಳಿಗೆ ತಾಗಿದ ನದಿದಡದಲ್ಲಿ ಇಲ್ಲದ ತೆಂಗಿನ ತೋಟ ಬಂದಿದೆ. ಮಲ್ಪೆಯಲ್ಲಿ ಮಳೆ ಸೊನ್ನೆಗಿಂತ ಕೆಳಗೆ ಹೋಗಿದೆ! ಬೈಲೀನಿಯರ್ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ? ಯಾವಾಗ ಬಳಸಬೇಕು?
– ಮಣಿಪಾಲದ ಒಬ್ಬ ವಿದ್ಯಾರ್ಥಿ

ಉತ್ತರ: ಬೈಲೀನಿಯರ್ ಎಂದರೆ ಗ್ರಿಡ್‌ನ ನಾಲ್ಕು ನೆರೆ ಬಿಂದುಗಳ ಬೆಲೆಯಿಂದ ನಡುವಿನ ಜಾಗದ ಬೆಲೆಯನ್ನು ಅಂದಾಜಿಸುವ ವಿಧಾನ. ನಿಮ್ಮ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ವಿಧಾನದ ಆಯ್ಕೆಯೇ ತಪ್ಪಿದ್ದು ಭೂಬಳಕೆಯಲ್ಲಿ ಮಾತ್ರ. ಎತ್ತರಕ್ಕೂ ಮಳೆಗೂ ಬೈಲೀನಿಯರ್ ನಡೆಯುತ್ತದೆ, ಆದರೆ ಕೊಟ್ಟ ಸೆಟ್ಟಿಂಗ್ ಸರಿಯಿಲ್ಲ. ಅವನ್ನು ಬಿಡಿಸುವ ಮೊದಲು ಒಂದು ಚೌಕವನ್ನು ತೆಗೆದುಕೊಂಡು ಕೈಲೆಕ್ಕ ಮಾಡಿ ನೋಡೋಣ. ಮುಂದಿನ ಎಲ್ಲ ಮಾತೂ ಈ ಲೆಕ್ಕದ ಮೇಲೆಯೇ ನಿಂತಿದೆ.

30 ಮೀಟರ್ ಅಂತರದ ಗ್ರಿಡ್‌ನಲ್ಲಿ ಅಕ್ಕಪಕ್ಕದ ನಾಲ್ಕು ಬಿಂದುಗಳನ್ನು ನೋಡಿ. ನೈಋತ್ಯ ಮೂಲೆಯ ಎತ್ತರ 12 ಮೀಟರ್, ಆಗ್ನೇಯ 18, ವಾಯವ್ಯ 14, ಈಶಾನ್ಯ 32. ನಮಗೆ ಬೇಕಾದ ಜಾಗ ನೈಋತ್ಯ ಮೂಲೆಯಿಂದ 12 ಮೀಟರ್ ಪೂರ್ವಕ್ಕೆ, 21 ಮೀಟರ್ ಉತ್ತರಕ್ಕೆ ಇದೆ. 30ರಿಂದ ಭಾಗಿಸಿದರೆ ಪೂರ್ವದ ಪಾಲು 0.4, ಉತ್ತರದ ಪಾಲು 0.7. ಇವನ್ನು ಪ ಮತ್ತು ಉ ಎನ್ನೋಣ.

ಮೊದಲು ದಕ್ಷಿಣದ ಅಂಚಿನಲ್ಲಿ ಪೂರ್ವಕ್ಕೆ ಸರಿಯಿರಿ: 12ರಿಂದ 18ಕ್ಕೆ 6 ಮೀಟರ್ ಏರಿಕೆ, ಅದರ 0.4 ಪಾಲು 2.4, ಒಟ್ಟು 14.4. ಉತ್ತರದ ಅಂಚಿನಲ್ಲೂ ಹಾಗೆಯೇ: 14ರಿಂದ 32ಕ್ಕೆ 18 ಮೀಟರ್ ಏರಿಕೆ, ಅದರ 0.4 ಪಾಲು 7.2, ಒಟ್ಟು 21.2. ಈಗ 14.4ರಿಂದ 21.2ರ ಕಡೆಗೆ 0.7 ಪಾಲು ಏರಬೇಕು: 6.8ರ 0.7 ಎಂದರೆ 4.76. ಉತ್ತರ 19.16 ಮೀಟರ್. ಮೊದಲು ಉತ್ತರಕ್ಕೆ ಹೋಗಿ ಆಮೇಲೆ ಪೂರ್ವಕ್ಕೆ ಸರಿದರೂ ಇದೇ 19.16 ಬರುತ್ತದೆ. ಮೂರು ಸಲ ಸರಳ ರೇಖೆಯ ಲೆಕ್ಕ, ಅಷ್ಟೇ.

ಒಟ್ಟು ಸೂತ್ರ ಹೀಗಿದೆ:

ಎತ್ತರ = (1−ಪ)(1−ಉ) × ನೈಋತ್ಯ + ಪ(1−ಉ) × ಆಗ್ನೇಯ + (1−ಪ)ಉ × ವಾಯವ್ಯ + ಪ × ಉ × ಈಶಾನ್ಯ

ನಮ್ಮ ಜಾಗಕ್ಕೆ ನಾಲ್ಕು ತೂಕಗಳು ಕ್ರಮವಾಗಿ 0.18, 0.12, 0.42, 0.28. ಕೂಡಿಸಿದರೆ ಸರಿಯಾಗಿ 1. ಒಂದು ಮೂಲೆಯ ತೂಕ ಎಂದರೆ ಅದರ ಎದುರು ಮೂಲೆಗೂ ನಮ್ಮ ಜಾಗಕ್ಕೂ ನಡುವೆ ಬೀಳುವ ಆಯತದ ಪಾಲು. ಈಶಾನ್ಯದ ತೂಕ ಬೇಕೇ? ನೈಋತ್ಯದ ಕಡೆಗಿನ ಆಯತ ನೋಡಿ: 12 × 21 = 252 ಚದರ ಮೀಟರ್. ಇಡೀ ಚೌಕ 900. ಭಾಗಿಸಿದರೆ 0.28. ಜಾಗ ಒಂದು ಮೂಲೆಗೆ ಹತ್ತಿರವಾದಷ್ಟೂ ಎದುರಿನ ಆಯತ ದೊಡ್ಡದಾಗುತ್ತದೆ, ಆ ಮೂಲೆಯ ಮಾತಿಗೆ ಬಲ ಬರುತ್ತದೆ.

ತೂಕಗಳು ಯಾವತ್ತೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ಮೊತ್ತ ಯಾವಾಗಲೂ 1. ಹಾಗಾಗಿ ಉತ್ತರ ನಾಲ್ಕು ಮೂಲೆಗಳ ಕನಿಷ್ಠ ಮತ್ತು ಗರಿಷ್ಠದ ಒಳಗೇ ಇರಲೇಬೇಕು. ಬೈಲೀನಿಯರ್ ಕೊಡುವ ದೊಡ್ಡ ಭರವಸೆ ಇದು. ಮೂಲೆಗಳಲ್ಲಿ ಋಣ ಸಂಖ್ಯೆ ಇಲ್ಲದೆ ಉತ್ತರದಲ್ಲಿ ಋಣ ಸಂಖ್ಯೆ ಬರಲು ಸಾಧ್ಯವೇ ಇಲ್ಲ. ನಿಮ್ಮ ಮಲ್ಪೆಯ ಮಳೆ ಯಾಕೆ ಕೆಟ್ಟಿತು ಎಂಬುದರ ಸುಳಿವು ಇಲ್ಲೇ ಇದೆ.

ಹೆಸರಿನಲ್ಲಿ ಲೀನಿಯರ್ ಇದ್ದರೂ ಇದು ಸಮತಲವಲ್ಲ. ನಮ್ಮ ಉದಾಹರಣೆಯನ್ನು ಬಿಡಿಸಿ ಬರೆದರೆ 12 + 6ಪ + 2ಉ + 12ಪಉ. ಕೊನೆಯ ಪಉ ಪದವೇ ತಿರುಚು. ಅಂಗಳಕ್ಕೆ ಕಟ್ಟಿದ ಟಾರ್ಪಲಿನ ಒಂದು ಮೂಲೆಯನ್ನು ಮಾತ್ರ ಮೇಲಕ್ಕೆ ಎಳೆದು ಬಿಗಿದರೆ ಬರುವ ಆಕಾರ ಅದು. ಪೂರ್ವ–ಪಶ್ಚಿಮವಾಗಿ ಅಥವಾ ದಕ್ಷಿಣೋತ್ತರವಾಗಿ ಸಾಗಿದರೆ ನೇರ ಗೆರೆ, ಕರ್ಣದ ಮೇಲೆ ಸಾಗಿದರೆ ವಕ್ರ. ಚೌಕದ ನಟ್ಟನಡುವೆ ಬೈಲೀನಿಯರ್ ಕೊಡುವುದು ನಾಲ್ಕರ ಸರಾಸರಿ, 19 ಮೀಟರ್. ಅದೇ ಚೌಕವನ್ನು ಎರಡು ತ್ರಿಕೋನ ಮಾಡಿ ಟಿನ್ ಮಾದರಿಗೆ (ನೆಲವನ್ನು ತ್ರಿಕೋನಗಳಿಂದ ತೋರಿಸುವ ಮಾದರಿಗೆ) ಹಾಕಿದರೆ, ನೈಋತ್ಯ–ಈಶಾನ್ಯ ಕರ್ಣ ಹಿಡಿದವರಿಗೆ 22 ಮೀಟರ್, ಇನ್ನೊಂದು ಕರ್ಣ ಹಿಡಿದವರಿಗೆ 16. ಒಂದೇ ನಾಲ್ಕು ಸಂಖ್ಯೆಗಳಿಂದ ಮೂರು ಉತ್ತರ! ಯಾವುದು ನಿಜ ಎಂದು ಆ ನಾಲ್ಕು ಸಂಖ್ಯೆಗಳು ಹೇಳಲಾರವು. ಬೈಲೀನಿಯರ್ ಯಾವ ಕರ್ಣದ ಪಕ್ಷವನ್ನೂ ವಹಿಸುವುದಿಲ್ಲ, ಅದರ ಗುಣ ಅಷ್ಟು. ನೆಲದ ಬಗ್ಗೆ ಹೊಸ ಮಾಹಿತಿಯನ್ನೇನೂ ಅದು ತರುವುದಿಲ್ಲ. 30 ಮೀಟರನ್ನು 10 ಮೀಟರ್ ಮಾಡಿದಿರಿ ಎಂದರೆ ಪಿಕ್ಸೆಲ್‌ಗಳು ಒಂಬತ್ತು ಪಟ್ಟಾದವು, ಗೊತ್ತಿರುವುದು ಇದ್ದಷ್ಟೇ ಇದೆ. ವರದಿಯಲ್ಲಿ '10 ಮೀಟರ್ ರೆಸಲ್ಯೂಶನ್' ಎಂದು ಬರೆಯಬೇಡಿ, '10 ಮೀಟರ್‌ಗೆ ರೀಸ್ಯಾಂಪಲ್ ಮಾಡಿದ 30 ಮೀಟರ್ ಡೇಟಾ' ಎಂದು ಬರೆಯಿರಿ.

ಈಗ ನಿಮ್ಮ ನಕ್ಷೆಗಳಿಗೆ ಬರೋಣ. ಭೂಬಳಕೆಯದ್ದು ಮೊದಲು, ಯಾಕೆಂದರೆ ಅದೇ ಹೆಚ್ಚು ಅಪಾಯದ್ದು.

ನಿಮ್ಮ ನಕ್ಷೆಯಲ್ಲಿ 1 ಎಂದರೆ ನೀರು, 2 ಗದ್ದೆ, 3 ತೆಂಗಿನ ತೋಟ, 4 ಕಾಡು, 5 ಕಟ್ಟಡ ಎಂದಿಟ್ಟುಕೊಳ್ಳಿ. ನದಿಯ ಪಿಕ್ಸೆಲ್ 1, ಪಕ್ಕದ ಕಟ್ಟಡದ ಪಿಕ್ಸೆಲ್ 5. ನಡುವೆ ಬೈಲೀನಿಯರ್ ಕೊಡುವುದು 3. ಹೊಳೆಗೂ ಕಟ್ಟಡಕ್ಕೂ ನಡುವೆ ತೋಟ ಹುಟ್ಟಿದ್ದು ಹೀಗೆ. ಈ ಸಂಖ್ಯೆಗಳು ಅಳತೆಗಳಲ್ಲ, ಗುರುತಿಗೆ ಇಟ್ಟ ನಂಬರುಗಳು. 1 ಮತ್ತು 5ರ ಸರಾಸರಿಗೆ ಇಲ್ಲಿ ಯಾವ ಅರ್ಥವೂ ಇಲ್ಲ. ಔಟ್‌ಪುಟ್ ಪೂರ್ಣಾಂಕದಲ್ಲಿದ್ದರೆ ಇನ್ನೂ ಕಷ್ಟ: 2.7 ಎಂದು ಬಂದಿದ್ದರೆ ನೋಡಿದ ತಕ್ಷಣ ಅನುಮಾನ ಬರುತ್ತಿತ್ತು, ಆದರೆ ಅದು 3 ಆಗಿ ನಿಂತು ಸರಿಯಾದ ವರ್ಗದಂತೆಯೇ ಕಾಣುತ್ತದೆ. ಸ್ವರ್ಣೆಯ ದಡದಲ್ಲಿ ನಿಜವಾಗಿಯೂ ತೆಂಗಿನ ತೋಟಗಳಿರುವುದರಿಂದ ನಕ್ಷೆ ನೋಡಿದವರು ಹೌದು ಎಂದು ತಲೆಯಾಡಿಸಿಬಿಡುತ್ತಾರೆ. ನೀವು ಗಮನಿಸಿದ್ದು ಒಳ್ಳೆಯದಾಯಿತು.

ವರ್ಗಗಳ ನಕ್ಷೆಗೆ ನಿಯರೆಸ್ಟ್ ನೇಬರ್ ಕೊಡಿ, ಅದು ಅತಿ ಹತ್ತಿರದ ಪಿಕ್ಸೆಲ್‌ನ ಬೆಲೆಯನ್ನೇ ಇಡುತ್ತದೆ. ದೊಡ್ಡ ಪಿಕ್ಸೆಲ್‌ಗೆ ಹೋಗುವುದಾದರೆ ಮೋಡ್ ಕೊಡಿ, ಆ ಜಾಗದಲ್ಲಿ ಹೆಚ್ಚು ಇರುವ ವರ್ಗ ಉಳಿಯುತ್ತದೆ. ಅಂಚುಗಳು ಗರಗಸದಂತೆ ಕಾಣುವುದು ಇಷ್ಟವಾಗದಿದ್ದರೆ ಸ್ವಲ್ಪ ಕೆಲಸದ ದಾರಿ ಒಂದಿದೆ. ಪ್ರತಿ ವರ್ಗಕ್ಕೂ ಹೌದು 1, ಅಲ್ಲ 0 ಎಂಬ ಬೇರೆ ಬೇರೆ ರಾಸ್ಟರ್ (ಪಿಕ್ಸೆಲ್‌ಗಳ ನಕ್ಷೆ) ಮಾಡಿ, ಪ್ರತಿಯೊಂದಕ್ಕೂ ಬೈಲೀನಿಯರ್ ಕೊಡಿ, ಕೊನೆಗೆ ಪ್ರತಿ ಪಿಕ್ಸೆಲ್‌ನಲ್ಲಿ ಯಾವುದರ ಬೆಲೆ ಹೆಚ್ಚೋ ಆ ವರ್ಗವನ್ನು ಇಡಿ. ಇಲ್ಲಿ ಬೈಲೀನಿಯರ್ ತಪ್ಪಲ್ಲ. 0.4 ಎಂದರೆ ಸುತ್ತಲಿನ ತೂಕದಲ್ಲಿ ಆ ವರ್ಗದ ಪಾಲು ನೂರಕ್ಕೆ ನಲವತ್ತು ಎಂದು ಅರ್ಥ ಇದೆಯಲ್ಲ. ಮಣ್ಣಿನ ಬಗೆ, ಸರ್ವೆ ನಂಬರ್, ಗ್ರಾಮದ ಕೋಡ್ ಎಲ್ಲಕ್ಕೂ ಇದೇ ನಿಯಮ.

ದಿಕ್ಕಿನ ಡೇಟಾಕ್ಕೂ ಇಂಥದ್ದೇ ಒಂದು ಗುಂಡಿ ಇದೆ. ಗಾಳಿಯ ದಿಕ್ಕು ಒಂದು ಬಿಂದುವಿನಲ್ಲಿ 350 ಡಿಗ್ರಿ, ಪಕ್ಕದಲ್ಲಿ 10 ಡಿಗ್ರಿ. ಎರಡೂ ಹೆಚ್ಚುಕಡಿಮೆ ಬಡಗು ಗಾಳಿಯೇ. ನಡುವೆ ಬೈಲೀನಿಯರ್ ಹಾಕಿದರೆ 180, ತೆಂಕು ಗಾಳಿ! ವೇಗ ಮತ್ತು ದಿಕ್ಕನ್ನು ಪೂರ್ವ–ಪಶ್ಚಿಮ, ಉತ್ತರ–ದಕ್ಷಿಣ ಎಂಬ ಎರಡು ಅಂಶಗಳಾಗಿ ಒಡೆದು, ಅವಕ್ಕೆ ಇಂಟರ್ಪೊಲೇಶನ್ ಮಾಡಿ, ಮತ್ತೆ ಕೂಡಿಸಬೇಕು. ಇಳಿಜಾರಿನ ಮುಖ ತೋರಿಸುವ ಆಸ್ಪೆಕ್ಟ್ ನಕ್ಷೆಗೂ ಹಾಗೆಯೇ.

ಇನ್ನು ಮಳೆ. ಇಲಾಖೆಯ ದೈನಂದಿನ ಗ್ರಿಡ್‌ನ ಅಂತರ 0.25 ಡಿಗ್ರಿ, ನಮ್ಮಲ್ಲಿ ಸುಮಾರು 27 ಕಿಲೋಮೀಟರ್. ಉಡುಪಿಯ ಅಕ್ಷಾಂಶದಲ್ಲಿ 74.5 ಡಿಗ್ರಿ ರೇಖಾಂಶದ ಬಿಂದುಗಳು ಕಡಲೊಳಗೆ ಬೀಳುತ್ತವೆ. ಅಲ್ಲಿ ಮಳೆಯ ಬದಲು −999 ಎಂಬ 'ಮಾಹಿತಿ ಇಲ್ಲ' ಗುರುತು ಇರುತ್ತದೆ. ಮಲ್ಪೆ ಇರುವುದು ಸುಮಾರು 74.7ರಲ್ಲಿ, ಅಂದರೆ 74.5 ಮತ್ತು 74.75ರ ನಡುವೆ 0.8 ಪಾಲು ಪೂರ್ವಕ್ಕೆ. ಕಡಲ ಕಡೆಯ ಎರಡು ಮೂಲೆಗಳ ಒಟ್ಟು ತೂಕ 0.2. ನೆಲದ ಕಡೆ ಎರಡೂ ಮೂಲೆಗಳಲ್ಲಿ 40 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ 0.8 × 40 − 0.2 × 999 = −167.8. ಸಾಫ್ಟ್‌ವೇರ್‌ಗೆ −999 ಒಂದು ಗುರುತು ಎಂದು ನೀವು ಹೇಳಿರಲಿಲ್ಲ, ಅದು ಮಳೆ ಎಂದೇ ಲೆಕ್ಕ ಹಾಕಿತು.

−167.8 ಕಂಡರೆ ಯಾರಾದರೂ ಎಚ್ಚರಾಗುತ್ತಾರೆ. ಹೆದರಬೇಕಾದದ್ದು ಇನ್ನೊಂದಕ್ಕೆ. 74.745ಕ್ಕೆ, ಉಡುಪಿ ಪೇಟೆಯ ಕಡೆಗೆ ಬನ್ನಿ. ಅಲ್ಲಿ ಕಡಲ ಕಡೆಯ ತೂಕ ಬರೇ 0.02. ಲೆಕ್ಕ: 39.2 − 19.98 = 19.22 ಮಿಲಿಮೀಟರ್. ನೋಡಿದರೆ ಒಳ್ಳೆಯ ಮಳೆಗಾಲದ ಸಂಖ್ಯೆ, ಆದರೆ ಇರಬೇಕಾದದ್ದು 40. ನಕ್ಷೆಯಲ್ಲಿ ಋಣ ಬಂದ ಪಿಕ್ಸೆಲ್‌ಗಳನ್ನು ಮಾತ್ರ ಅಳಿಸಿ ಕೆಲಸ ಮುಂದುವರಿಸಿದರೆ ಇಂಥವು ಹಾಗೇ ಉಳಿದು ಬಿಡುತ್ತವೆ. ಎತ್ತರದ ಡೇಟಾದಲ್ಲೂ ಇದೇ ರೋಗ ಇದೆ: ಹಳೆಯ ಎಸ್‌ಆರ್‌ಟಿಎಂ ಫೈಲುಗಳಲ್ಲಿ ಖಾಲಿ ಜಾಗದ ಗುರುತು −32768.

ಮಾಡಬೇಕಾದದ್ದು: ವಾರ್ಪ್ (ನಕ್ಷೆಯನ್ನು ಹೊಸ ಗ್ರಿಡ್‌ಗೆ ತರುವ ಕೆಲಸ) ಮಾಡುವ ಮೊದಲೇ ಇನ್‌ಪುಟ್ ಲೇಯರ್‌ಗೆ ನೋಡೇಟಾ, ಅಂದರೆ 'ಮಾಹಿತಿ ಇಲ್ಲ' ಗುರುತಿನ ಬೆಲೆ −999 ಎಂದು ಕೊಡಿ. ಆಗ ಕ್ಯೂಜಿಐಎಸ್‌ನ ಒಳಗೆ ವಾರ್ಪ್ ಮಾಡುವ ಜಿಡಾಲ್ ಆ ಮೂಲೆಯನ್ನು ಬಿಟ್ಟು ಉಳಿದ ತೂಕಗಳನ್ನು ಅವುಗಳ ಮೊತ್ತದಿಂದ ಭಾಗಿಸಿ ಲೆಕ್ಕ ಹಾಕುತ್ತದೆ. ಪೈಥಾನ್‌ನಲ್ಲಿ ನೀವೇ ಬರೆಯುವುದಾದರೂ ಹೀಗೆಯೇ ಮಾಡಿ. ಉಳಿದ ತೂಕಗಳ ಮೊತ್ತ 0.5ಕ್ಕಿಂತ ಕಡಿಮೆಯಾದರೆ ಆ ಪಿಕ್ಸೆಲ್ ಖಾಲಿ ಬಿಡುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಅದಕ್ಕಿಂತ ಆಚೆಗೆ ಅದು ಇಂಟರ್ಪೊಲೇಶನ್ ಅಲ್ಲ, ದಡದ ಮಳೆಯನ್ನು ಕಡಲಿಗೆ ಎಳೆದದ್ದು.

ಇಷ್ಟು ಸರಿಮಾಡಿದರೂ ಮಳೆಯನ್ನು 10 ಮೀಟರ್‌ಗೆ ತರುವುದು ನನಗೆ ಒಪ್ಪಿಗೆಯಿಲ್ಲ. ಉಡುಪಿಯಿಂದ ಆಗುಂಬೆಗೆ ನೇರ ಅಂತರ ಸುಮಾರು 40 ಕಿಲೋಮೀಟರ್, ಗ್ರಿಡ್‌ನ ಎರಡು ಚೌಕವೂ ಪೂರ್ತಿ ಇಲ್ಲ. ಸೋಮೇಶ್ವರದವರೆಗೆ ಒಂದು ರೀತಿ, ಘಟ್ಟ ಹತ್ತುತ್ತಿದ್ದಂತೆ ಇನ್ನೊಂದು ರೀತಿ ಸುರಿಯುವ ಮಳೆಯನ್ನು ಬೈಲೀನಿಯರ್ ಕರಾವಳಿಯಿಂದ ಘಟ್ಟದವರೆಗೆ ಒಂದೇ ಇಳಿಜಾರಿನ ಹಲಗೆ ಮಾಡಿಬಿಡುತ್ತದೆ. ಮೇಲಾಗಿ ಆ ಗ್ರಿಡ್ ಸ್ವತಃ ಮಳೆಮಾಪಕಗಳ ಲೆಕ್ಕದಿಂದ ಇಂಟರ್ಪೊಲೇಶನ್ ಮಾಡಿ ತಯಾರಿಸಿದ್ದು. ಅದರ ಮೇಲೆ ಇನ್ನೊಂದು ಸುತ್ತು ಹಾಕಿದರೆ ಜೋರು ಮಳೆಯ ತುದಿ ಕುಗ್ಗುತ್ತದೆ, ಒಣ ದಿನಗಳಲ್ಲಿ ಸುಳ್ಳು ತುಂತುರು ಹುಟ್ಟುತ್ತದೆ. ಮಳೆ ಬಂದ ದಿನಗಳನ್ನು ಎಣಿಸುವವರಿಗೆ ಇದು ನೇರ ಪೆಟ್ಟು. ಸ್ವರ್ಣೆಯ ಬಜೆ ಅಣೆಕಟ್ಟಿಗೆ ಎಷ್ಟು ನೀರು ಹರಿದು ಬರುತ್ತದೆ ಎಂಬಂಥ ಲೆಕ್ಕಕ್ಕೆ ಒಟ್ಟು ಪ್ರಮಾಣ ಮುಖ್ಯ, ಬೈಲೀನಿಯರ್ ಒಟ್ಟು ಪ್ರಮಾಣವನ್ನು ಕಾಯುವುದಿಲ್ಲ. ಜಲಾನಯನದ ಎಷ್ಟು ಭಾಗ ಯಾವ ಚೌಕದೊಳಗೆ ಬೀಳುತ್ತದೆ ಎಂದು ನೋಡಿ, ಆ ವಿಸ್ತೀರ್ಣದ ತೂಕದಲ್ಲಿ ಸರಾಸರಿ ತೆಗೆಯಿರಿ. ನಿಮ್ಮಲ್ಲೇ ನಾಲ್ಕೈದು ಮಳೆಮಾಪಕಗಳ ಅಳತೆ ಇದ್ದರೆ ಅಲ್ಲಿಗೂ ಬೈಲೀನಿಯರ್ ಅನ್ವಯಿಸುವುದಿಲ್ಲ. ಅದಕ್ಕೆ ಚೌಕದ ನಾಲ್ಕು ಮೂಲೆ ಬೇಕು, ಚದುರಿದ ಬಿಂದುಗಳಿಗೆ ಥೀಸೆನ್, ಐಡಿಡಬ್ಲ್ಯೂ ಅಥವಾ ಕ್ರಿಗಿಂಗ್ ಎಂಬ ಬೇರೆ ವಿಧಾನಗಳಿವೆ.

ಎತ್ತರದ ಮೆಟ್ಟಿಲು. ಎಸ್‌ಆರ್‌ಟಿಎಂ ಎತ್ತರಗಳು ಪೂರ್ಣ ಮೀಟರ್‌ಗಳಲ್ಲಿವೆ, ಫೈಲಿನ ಬಗೆ ಇಂಟ್ 16, ಅಂದರೆ ಪೂರ್ಣಾಂಕ ಮಾತ್ರ ಹಿಡಿಯುವಂಥದ್ದು. ವಾರ್ಪ್ ಮಾಡುವಾಗ ಔಟ್‌ಪುಟ್ ಡೇಟಾ ಟೈಪ್ ಮುಟ್ಟದೆ ಬಿಟ್ಟರೆ ಔಟ್‌ಪುಟ್ ಕೂಡ ಇಂಟ್ 16 ಆಗುತ್ತದೆ. ಒಳಗೆ 19.16 ಎಂದು ಲೆಕ್ಕ ಹಾಕಿ ಬರೆಯುವಾಗ 19 ಎಂದು ಬರೆಯುತ್ತದೆ. ಗುಡ್ಡೆಯ ಮೇಲೆ ಇದು ಗೊತ್ತಾಗುವುದಿಲ್ಲ, ಕಲ್ಯಾಣಪುರದಂಥ ತಗ್ಗು ಬೈಲಿನಲ್ಲಿ ಎದ್ದು ಕಾಣುತ್ತದೆ. ಔಟ್‌ಪುಟ್ ಟೈಪ್ ದಶಮಾಂಶ ಹಿಡಿಯುವ ಫ್ಲೋಟ್ 32 ಕೊಡಿ. ಅದರಿಂದ ಮೆಟ್ಟಿಲು ಪೂರ್ತಿ ಹೋಗುತ್ತದೆಂದು ಮಾತ್ರ ನಂಬಬೇಡಿ. ಒಂದು ಬೈಲಿನಲ್ಲಿ ಹತ್ತು ಪಿಕ್ಸೆಲ್ ಉದ್ದಕ್ಕೂ 4, ಆಮೇಲೆ 5 ಎಂದಿದ್ದರೆ, ಬೈಲೀನಿಯರ್ ಮಾಡುವುದು 4ರಿಂದ 5ಕ್ಕೆ 30 ಮೀಟರ್ ಉದ್ದದ ಒಂದು ಇಳಿಜಾರು, ಅಷ್ಟೇ. ಎರಡೂ ಕಡೆಯ ಸಪಾಟು ಹಾಗೇ ಇರುತ್ತದೆ. ತೆಂಗಿನ ತೋಟವಿದ್ದಲ್ಲಿ ರೇಡಾರ್‌ಗೆ ಸಿಕ್ಕಿರುವುದು ಬರಿಯ ನೆಲದ ಎತ್ತರವಲ್ಲ, ಮರಗಳ ಎತ್ತರವೂ ಅದರಲ್ಲಿ ಸೇರಿಕೊಂಡಿದೆ. ಅದನ್ನು ಯಾವ ಇಂಟರ್ಪೊಲೇಶನ್ ಕೂಡ ಇಳಿಸಲಾರದು.

ಎತ್ತರದಿಂದ ಸ್ಲೋಪ್ (ಇಳಿಜಾರು), ಹಿಲ್‌ಶೇಡ್ (ನೆರಳು–ಬೆಳಕಿನ ನಕ್ಷೆ), ಕರ್ವೇಚರ್ (ಬಾಗು) ತೆಗೆಯುವ ಯೋಚನೆ ಇದ್ದರೆ ಇನ್ನೊಂದು ವಿಷಯ. ಚೌಕದ ಗಡಿಯಲ್ಲಿ ಎತ್ತರ ತುಂಡಾಗುವುದಿಲ್ಲ, ಇಳಿಜಾರು ಮಾತ್ರ ಹಠಾತ್ತಾಗಿ ಬದಲಾಗುತ್ತದೆ. ಹಿಲ್‌ಶೇಡ್‌ನಲ್ಲಿ ಅದು ನೇಯ್ಗೆಯಂಥ ಚೌಕಳಿಯಾಗಿ ಕಾಣುತ್ತದೆ. ಕರ್ವೇಚರ್ ಅಂತೂ ಪೂರ್ತಿ ಕೆಡುತ್ತದೆ: ಚೌಕದ ಒಳಗೆ ಪೂರ್ವ–ಪಶ್ಚಿಮದ, ಉತ್ತರ–ದಕ್ಷಿಣದ ಬಾಗು ಸೊನ್ನೆ, ಇರುವ ಬಾಗೆಲ್ಲ ಗಡಿಯಲ್ಲಿ ಗುಂಪಾಗಿರುತ್ತದೆ. ಇದರ ಜೊತೆಗೆ ಮೂಲ ಡೇಟಾದ ತಪ್ಪುಗಳೂ ಎಲ್ಲೆಡೆ ಒಂದೇ ಸಮನೆ ತಗ್ಗುವುದಿಲ್ಲ. ನಾಲ್ಕು ಮೂಲೆಗಳ ತಪ್ಪು ಒಂದಕ್ಕೊಂದು ಸಂಬಂಧವಿಲ್ಲದ್ದಾದರೆ ಚೌಕದ ನಡುವೆ ಅದು ಅರ್ಧಕ್ಕಿಳಿಯುತ್ತದೆ, ಮೂಲೆಯ ಮೇಲೆ ಪೂರ್ತಿ ಉಳಿಯುತ್ತದೆ. ಹೀಗೆ ಒರಟು–ನುಣುಪು ಎಂಬ ಕೃತಕ ವಿನ್ಯಾಸ ಮೂಡುತ್ತದೆ. ಸ್ಲೋಪನ್ನು 30 ಮೀಟರ್‌ನಲ್ಲೇ ತೆಗೆದು ಆಮೇಲೆ ಬೇಕಿದ್ದರೆ ಆ ಸ್ಲೋಪ್ ನಕ್ಷೆಯನ್ನು ಬೈಲೀನಿಯರ್ ಮಾಡಿ, ಅಥವಾ ಎತ್ತರಕ್ಕೆ ಕ್ಯೂಬಿಕ್ ಕೊಡಿ.

ಕ್ಯೂಬಿಕ್ 16 ಬಿಂದುಗಳನ್ನು ನೋಡುತ್ತದೆ, ಇಳಿಜಾರು ನಯವಾಗಿ ಬರುತ್ತದೆ. ಅದಕ್ಕೆ ಕೊಡುವ ಬೆಲೆ, ಮೇಲೆ ಹೇಳಿದ ಭರವಸೆ ತಪ್ಪುವುದು. ಒಂದು ಸಾಲಿನಲ್ಲಿ 0, 0, 0, 16 ಎಂದಿದ್ದರೆ ನಡುವಿನ ಎರಡು ಸೊನ್ನೆಗಳ ಮಧ್ಯದಲ್ಲಿ ಜಿಡಾಲ್‌ನ ಕ್ಯೂಬಿಕ್ ಕೊಡುವುದು −1, ಯಾಕೆಂದರೆ ಆಚೆಯ ಬಿಂದುವಿನ ತೂಕ ಅಲ್ಲಿ −1/16. ಎತ್ತರಕ್ಕೆ ಇದು ನಡೆಯುತ್ತದೆ. ಮಳೆಗೆ, ನೀರಿನ ಆಳಕ್ಕೆ, ಶೇಕಡಾವಾರು ಸಂಖ್ಯೆಗೆ ನಡೆಯುವುದಿಲ್ಲ. ಬೈಲೀನಿಯರ್ ಸೋಲುವ ಕಡೆ ಕ್ಯೂಬಿಕ್ ಗೆದ್ದೇ ಗೆಲ್ಲುತ್ತದೆ ಎಂದೂ ಅಲ್ಲ. ಕೆಂಪುಕಲ್ಲಿನ ಕೋರೆಯ ನೆಟ್ಟಗಿನ ಗೋಡೆಯನ್ನು ಬೈಲೀನಿಯರ್ 30 ಮೀಟರ್ ಉದ್ದದ ಇಳಿಜಾರಾಗಿ ಮಾಡುತ್ತದೆ, ಕ್ಯೂಬಿಕ್ ಆ ಇಳಿಜಾರಿನ ಬುಡದಲ್ಲಿ ಇಲ್ಲದ ಹೊಂಡವನ್ನೂ ಸೇರಿಸುತ್ತದೆ.

ಇದುವರೆಗೆ ಹೇಳಿದ್ದೆಲ್ಲ ಸಣ್ಣ ಪಿಕ್ಸೆಲ್‌ಗೆ ಹೋಗುವ ಮಾತು. ದೊಡ್ಡ ಪಿಕ್ಸೆಲ್‌ಗೆ ಹೋಗುವಾಗ ಬೇರೆ ಜಾಗ್ರತೆ ಬೇಕು. ಸೆಂಟಿನೆಲ್ 2 ಉಪಗ್ರಹದ 10 ಮೀಟರ್ ಚಿತ್ರವನ್ನು 100 ಮೀಟರ್ ಮಾಡುವಾಗ ಪ್ರತಿ ಹೊಸ ಪಿಕ್ಸೆಲ್‌ನ ಕೆಳಗೆ 100 ಹಳೆಯ ಪಿಕ್ಸೆಲ್‌ಗಳಿರುತ್ತವೆ. ಸಾದಾ ಬೈಲೀನಿಯರ್ ಅವುಗಳಲ್ಲಿ 4ನ್ನು ಮಾತ್ರ ನೋಡಿ ಉಳಿದ 96ನ್ನು ಬಿಡುತ್ತದೆ. ಒಂದು ರಸ್ತೆ, ಒಂದು ತೋಡು ಇದ್ದಕ್ಕಿದ್ದಂತೆ ಕಾಣಿಸಿ ಮಾಯವಾಗುತ್ತದೆ. ಅಲ್ಲಿ ಆವರೇಜ್ ಆಯ್ಕೆ ಮಾಡಿ. ಇಲ್ಲೊಂದು ಗೊಂದಲವಿದೆ: ಚಿತ್ರಗಳ ಮೇಲೆ ಕೆಲಸ ಮಾಡುವ ಓಪನ್‌ಸಿವಿ ಲೈಬ್ರರಿಯ ಲೀನಿಯರ್ ಈ 4 ಪಿಕ್ಸೆಲ್‌ನ ಬಗೆಯದು, ಚಿಕ್ಕದು ಮಾಡಲು ಅದರಲ್ಲಿ ಏರಿಯಾ ಎಂಬ ಬೇರೆ ಆಯ್ಕೆ ಇದೆ. ಪೈಥಾನ್‌ನ ಪಿಲ್ಲೋ ಲೈಬ್ರರಿ ಮತ್ತು ಜಿಡಾಲ್‌ನ 2.0 ನಂತರದ ವಾರ್ಪ್ ಮಾತ್ರ ಚಿಕ್ಕದು ಮಾಡುವಾಗ ಬೈಲೀನಿಯರ್‌ನ ವ್ಯಾಪ್ತಿಯನ್ನು ತಾವೇ ಹಿಗ್ಗಿಸಿಕೊಂಡು ಹೆಚ್ಚು ಪಿಕ್ಸೆಲ್ ನೋಡುತ್ತವೆ. ಹೆಸರು ಒಂದೇ, ಉತ್ತರ ಬೇರೆ. ಇಬ್ಬರ ಫಲಿತಾಂಶ ತಾಳೆಯಾಗದಿದ್ದರೆ ಮೊದಲು ಇದನ್ನು ನೋಡಿ.

ನಿಮ್ಮ ಎತ್ತರದ ಕೆಲಸವನ್ನು ಮತ್ತೆ ಮಾಡುವಾಗ ಈ ಕ್ರಮ ಹಿಡಿಯಿರಿ. ಕಾರ್ಕಳಕ್ಕೆ ತಾಗಿಕೊಂಡೇ 75 ಡಿಗ್ರಿ ರೇಖಾಂಶ ಹೋಗುವುದರಿಂದ ಸ್ವರ್ಣೆಯ ಜಲಾನಯನ ಎರಡು ಎಸ್‌ಆರ್‌ಟಿಎಂ ತುಂಡುಗಳಲ್ಲಿ ಬೀಳುತ್ತದೆ. ಮೊದಲು ಎರಡನ್ನೂ ವರ್ಚುವಲ್ ರಾಸ್ಟರ್ ಮಾಡಿ ಕೂಡಿಸಿ, ಆಮೇಲೆ ವಾರ್ಪ್. ಬೇರೆ ಬೇರೆ ವಾರ್ಪ್ ಮಾಡಿ ಕೊನೆಗೆ ಅಂಟಿಸಿದರೆ ಅಂಚಿನ ಪಿಕ್ಸೆಲ್‌ಗಳಿಗೆ ಆಚೆ ಬದಿಯ ನೆರೆಯವರು ಸಿಗದೆ ಗೆರೆ ಮೂಡಬಹುದು. ನೋಡೇಟಾ ಕೊಡಿ. ಮೂಲ ಡೇಟಾ ಡಿಗ್ರಿಯಲ್ಲಿದೆ, ನಿಮಗೆ ಬೇಕಾದದ್ದು ಮೀಟರ್‌ನಲ್ಲಿ ಅಳೆಯುವ ಯುಟಿಎಂ 43 ಉತ್ತರ ಪ್ರೊಜೆಕ್ಷನ್, ಅದರ ಕೋಡ್ ಇಪಿಎಸ್‌ಜಿ 32643. ಪ್ರೊಜೆಕ್ಷನ್ ಬದಲಾವಣೆ, 10 ಮೀಟರ್ ಪಿಕ್ಸೆಲ್, ಜಲಾನಯನದ ಚೌಕಟ್ಟು ಎಲ್ಲವನ್ನೂ ಒಂದೇ ವಾರ್ಪ್‌ನಲ್ಲಿ ಕೊಡಿ. ಮೂರು ಸಲ ಮಾಡಿದರೆ ಮೂರು ಸಲ ಮಸುಕಾಗುತ್ತದೆ. ಸುತ್ತ 20 ಮೀಟರ್ ಇರುವಲ್ಲಿ ಒಂದೇ ಪಿಕ್ಸೆಲ್‌ನ 40 ಮೀಟರ್ ದಿಬ್ಬ ಇದ್ದರೆ, ಎರಡೂ ದಿಕ್ಕಿಗೆ ಅರ್ಧ ಪಿಕ್ಸೆಲ್ ಸರಿದ ಹೊಸ ಗ್ರಿಡ್‌ನಲ್ಲಿ ಅದು ಒಂದೇ ಸುತ್ತಿಗೆ 25 ಆಗುತ್ತದೆ. ವಾರ್ಪ್ ಕಿಟಕಿಯಲ್ಲಿ ತಾನಾಗಿ ಬಂದಿರುವ ಆಯ್ಕೆ ನಿಯರೆಸ್ಟ್ ನೇಬರ್, ಅದನ್ನು ಬದಲಿಸಲು ಮರೆಯಬೇಡಿ. ಲೇಯರ್ ಪ್ರಾಪರ್ಟಿಯಲ್ಲಿ ಕಾಣುವ ಬೈಲೀನಿಯರ್ ತೆರೆಯ ಮೇಲಿನ ನೋಟಕ್ಕೆ ಮಾತ್ರ, ಫೈಲಿನ ಸಂಖ್ಯೆಗಳನ್ನು ಅದು ಮುಟ್ಟುವುದಿಲ್ಲ.

ಬಾವಿಗಳ ಬಿಂದುಗಳಿಗಷ್ಟೇ ಎತ್ತರ ಬೇಕಿದ್ದರೆ ಇಡೀ ರಾಸ್ಟರ್ ಹಿಗ್ಗಿಸುವ ಅಗತ್ಯವೇ ಇಲ್ಲ. ಆದರೆ ಕ್ಯೂಜಿಐಎಸ್‌ನ ಸ್ಯಾಂಪಲ್ ರಾಸ್ಟರ್ ವ್ಯಾಲ್ಯೂಸ್ ಉಪಕರಣ ಬಿಂದು ಬಿದ್ದ ಪಿಕ್ಸೆಲ್‌ನ ಬೆಲೆಯನ್ನೇ ಕೊಡುತ್ತದೆ, ಇಂಟರ್ಪೊಲೇಶನ್ ಮಾಡುವುದಿಲ್ಲ. ಪೈಥಾನ್‌ನಲ್ಲಿ ಸ್ವತಃ ಬರೆಯುವುದಾದರೆ ಅರ್ಧ ಪಿಕ್ಸೆಲ್ ನೆನಪಿರಲಿ. ಜಿಯೋಟಿಫ್ ಫೈಲು ಹೇಳುವ ಮೂಲಬಿಂದು ಸಾಮಾನ್ಯವಾಗಿ ಮೊದಲ ಪಿಕ್ಸೆಲ್‌ನ ಮೂಲೆ, ಎತ್ತರದ ಬೆಲೆ ಕೂತಿರುವುದು ಪಿಕ್ಸೆಲ್‌ನ ನಡುವೆ. ಮೂಲಬಿಂದುವಿನಿಂದ ದೂರವನ್ನು 30ರಿಂದ ಭಾಗಿಸಿ ಅದರಿಂದ 0.5 ಕಳೆದರೆ ಸರಿಯಾದ ಕಾಲಂ ಸ್ಥಾನ ಸಿಗುತ್ತದೆ, ಸಾಲಿಗೂ ಹಾಗೆಯೇ. ಮರೆತರೆ ಎರಡು ದಿಕ್ಕಿಗೂ 15 ಮೀಟರ್ ಸರಿದು ಕೂರುತ್ತದೆ. 100 ಮೀಟರ್‌ಗೆ 20 ಮೀಟರ್ ಏರುವ ಗುಡ್ಡೆಬದಿಯಲ್ಲಿ 15 ಮೀಟರ್ ಅಡ್ಡ ಸರಿದರೆ ಎತ್ತರದಲ್ಲಿ 3 ಮೀಟರ್ ವ್ಯತ್ಯಾಸ.

ಕೆಲಸ ಮುಗಿದ ಮೇಲೆ ಮೂರು ಜಾಗಗಳಲ್ಲಿ ತಾಳೆ ನೋಡಿ: ಒಂದು ಬೈಲಿನಲ್ಲಿ, ಒಂದು ಗುಡ್ಡೆಬದಿಯಲ್ಲಿ, ಒಂದು ಕಡಲಂಚಿನಲ್ಲಿ. ಮೂಲ ಪ್ರೊಜೆಕ್ಷನ್‌ನಲ್ಲೇ ಐಡೆಂಟಿಫೈ ಉಪಕರಣದಿಂದ ನಾಲ್ಕು ನೆರೆ ಪಿಕ್ಸೆಲ್‌ಗಳ ಬೆಲೆ ಬರೆದುಕೊಂಡು ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ, ಹೊಸ ರಾಸ್ಟರ್‌ನ ಬೆಲೆಯ ಪಕ್ಕ ಇಡಿ. ಬೈಲಿನಲ್ಲಿ ನಾಲ್ಕು ನೆರೆ ಬೆಲೆಗಳು ಒಂದೇ ಅಲ್ಲದಿದ್ದರೂ, ಕೈಲೆಕ್ಕದಲ್ಲಿ ದಶಮಾಂಶ ಬಂದರೂ ಹೊಸ ರಾಸ್ಟರ್‌ನಲ್ಲಿ ಪೂರ್ಣಾಂಕವೇ ಬಂದಿದ್ದರೆ ಡೇಟಾ ಟೈಪ್ ಇನ್ನೂ ಇಂಟ್ 16 ಇದೆ. ಬೈಲಿನಲ್ಲಿ ಸರಿ, ಗುಡ್ಡೆಬದಿಯಲ್ಲಿ ಮಾತ್ರ ಎರಡು ಮೂರು ಮೀಟರ್ ಹೆಚ್ಚುಕಡಿಮೆ ಎಂದಾದರೆ ಅರ್ಧ ಪಿಕ್ಸೆಲ್ ಹುಡುಕಿ. ಕಡಲಂಚಿನಲ್ಲಿ ಕೈಲೆಕ್ಕಕ್ಕಿಂತ ಕಡಿಮೆ ಬಂದರೆ ನೋಡೇಟಾ ಎಲ್ಲೋ ಸೋರುತ್ತಿದೆ.